ಐದನೇ ಇಯತ್ತೆ, ವಾಡೆಯೊಳಗೆ

ಇಪ್ಪತ್ಮೂರು ಮಕ್ಕಳು, ಒಂದೇ ಟಂಟಂ, ಎರಡು ಖೇಪು.
ಜತ್ತ ದಾಟಿದ ಮೇಲೆ ಕಚ್ಚಾ ರಸ್ತೆ,
ಜಾಲಿಯ ನೆರಳಿಗೆ ಮಲಗಿದ ಕುರಿ.
ಎಲ್ಲರ ಕೈಯಲ್ಲೂ ರಾತ್ರಿ ಕೂತು ನಾನು ಬರೆದ ಚೀಟಿ:
ಹೊಸ್ತಿಲು, ಜಂತಿ, ಮಾಡ, ಅಗಳಿ, ಪಡಸಾಲೆ, ಹಗೇವು.
ಹುಡುಕಿರಿ, ಮುಟ್ಟಿರಿ, ಓದಿರಿ.
ಮೇಲಿನವರಿಗೆ ವರದಿ ಬೇಕು, ಫೋಟೋ ಮೂರು.

ವಾಡೆ ಎಂದರೆ ಈಗ ಮುಂದಿನ ಗೋಡೆ, ಅರ್ಧ ಪಡಸಾಲೆ,
ಬೀಗ ಹಾಕಿದ ಎರಡು ಕೋಣೆ.
ಬೀಗದ ಕೈ ದಸ್ತಗೀರ ಮಾಮಾನ ಟೊಪ್ಪಿಗೆಯೊಳಗೆ.
ಬಾಗಿಲ ಫಲಕ ಮರಾಠಿ. ಮಕ್ಕಳು ಗಡಗಡ ಓದಿದರು,
ಕನ್ನಡದ ಚೀಟಿಗೆ ತೊದಲಿದರು.
ಸಿಟ್ಟು ಬರಬೇಕಿತ್ತು ನನಗೆ, ಬರಲಿಲ್ಲ.

"ಅಗಳಿ ಎಲ್ಲೈತ್ರಿ ಬಾಯಾರ?"
ಮನೆಯಲ್ಲಿ ದಿನಾ ಸಂಜೆ ಜಗ್ಗುವುದನ್ನೇ
ಕಾಗದದ ಮೇಲೆ ಗುರುತು ಹಿಡಿಯಲಾರ ರೇವಣ್ಯಾ.
ಅವನ ಕೈ ತಾನಾಗಿ ಬಾಗಿಲ ಹಿಂದೆ ಹೋಯಿತು,
ಕಟ್ಟಿಗೆ ಸರಿಯಿತು, ಕಿರ್ ಎಂದಿತು.
"ಹೋ, ಇದಾ!"
ಆಮೇಲೆ ಚೀಟಿಯ ಮೇಲಿನ 'ಳಿ'
ಅವನ ನಾಲಿಗೆಯಲ್ಲಿ ಸರಕ್ಕನೆ ಕೂತಿತು.

ಲಗಮವ್ವ ಮಾತ್ರ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ
ಮುಷ್ಟಿಯಲ್ಲಿಟ್ಟಿದ್ದಳು.
ದಸರೆಗೆ ಹೋಗಿ ಯುಗಾದಿಗೆ ಬರುವವಳು, ಮೂರು ವರ್ಷದಿಂದ,
ಕಬ್ಬಿನ ಟೋಳಿಯ ಹಿಂದೆ ತಮ್ಮನನ್ನು ಎತ್ತಿಕೊಂಡು.
ಹೆಸರೊಂದು ಬರೆಯುತ್ತಾಳೆ, ಒತ್ತು ಬಿಟ್ಟು: ಲಗಮವ.

ಒಳಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಕಾಗದ.
ಮೋಡಿ ಲಿಪಿ. ಸಾಲಿನುದ್ದಕ್ಕೂ ಒಂದೇ ದಾರ
ಎಳೆದು ಗಂಟು ಹಾಕಿದ ಹಾಗೆ.
"ಓದ್ರಿ ಬಾಯಾರ."
ಬಗ್ಗಿದೆ. ಕನ್ನಡಕ ಒರೆಸಿದೆ. ಮತ್ತೆ ಬಗ್ಗಿದೆ.
"ನನಗ ಬರಂಗಿಲ್ಲ."
ಒಂದು ಗಳಿಗೆ ಯಾರೂ ಉಸಿರಲಿಲ್ಲ,
ಆಮೇಲೆ ವಾಡೆಯ ತೊಲೆ ಅದುರುವಂತೆ ನಗೆ.
ಲಗಮವ್ವ ನಗಲಿಲ್ಲ. ನನ್ನನ್ನು ನೆಟ್ಟಗೆ ನೋಡಿದಳು,
ಬಾಜೂ ಮನೆಯವಳನ್ನು ನೋಡುವ ಹಾಗೆ, ಮೊದಲ ಸಲ.

ಹಗೇವಿನ ಕೋಣೆ ಕತ್ತಲೆ.
ಮೊಬೈಲಿನ ಬೆಳಕಿಗೆ ಗೋಡೆಯ ತುಂಬ ಸುಣ್ಣದ ಬೊಟ್ಟು,
ಮೊಣಕಾಲೆತ್ತರದಿಂದ ತಲೆಯೆತ್ತರದವರೆಗೆ.
"ಹುಡುಗರು ಹೊಲಸು ಮಾಡ್ಯಾವು," ಮಾಮಾ ಅಂದ,
"ಬಳಿಸಬೇಕು."
"ಹೊಲಸಲ್ಲ. ಲೆಕ್ಕ."

ಯಾರ ದನಿ ಎಂದು ತಿರುಗುವಷ್ಟರಲ್ಲಿ
ಅವಳು ಗೋಡೆಗೆ ಬೆರಳಿಟ್ಟು ನಡೆದಿದ್ದಳು:
"ಸಣ್ಣವು ಹತ್ತು. ಈ ದಪ್ಪಂದು, ಹತ್ತು ಮುಗೀತು ಅಂತ.
ಇಲ್ಲಿ ಹಸಿ ಇದ್ದಾಗ ಕೈ ಬದಲಾಗೈತಿ, ಬೊಟ್ಟು ಸಣ್ಣ ಆತು.
ಇಲ್ಲಿ ಅಳಿಸ್ಯಾರ. ಜಗಳ ಆಗಿರಬೇಕು.
ನಮ್ಮವ್ವ ಮೋಳಿಗೊಂದು ಗೀರು ಹಾಕ್ತಾಳ, ಕೊಪ್ಪಿಯ ತಟ್ಟಿಗೆ.
ಮುಕಾದಮನ ವಹಿ ಸುಳ್ಳು ಹೇಳತೈತಿ."

ಜೋಳದ ಚೀಲ ಅಳೆದು ಸುರಿದವಳು,
ಬೊಟ್ಟು ಇಟ್ಟ ಆ ಎರಡನೆಯ ಸಣ್ಣ ಕೈ,
ಗಾಜಿನ ಪೆಟ್ಟಿಗೆಯ ಯಾವ ಸಾಲಿನಲ್ಲಿದ್ದಾರೋ, ಇಲ್ಲವೋ,
ಹೇಳಲು ನನಗೆ ಮೋಡಿ ಬರುವುದಿಲ್ಲವಲ್ಲ.

ಆಗ ಮುಷ್ಟಿ ಬಿಚ್ಚಿತು. ಬೆವರಿಗೆ ಶಾಯಿ ಹರಡಿದ ಚೀಟಿ.
"ಈ ಕ್ವಾಣಿ ಹೆಸರು ಯಾವುದ್ರಿ ಇದರಾಗ?"
ತೋರಿಸಲು ಹೋದ ಕೈ ಹಿಂದೆ ತೆಗೆದುಕೊಂಡೆ.
ಅವಳು ಚೀಟಿ ಗೋಡೆಗೆ ಹಚ್ಚಿ
ಬೊಟ್ಟು ಎಣಿಸಿದ ಹಾಗೇ ಅಕ್ಷರದ ಮೇಲೆ ಬೆರಳಾಡಿಸಿದಳು.
ಕಡೆಯ ಸಾಲಿಗೆ ನಿಂತಳು.
"ಇದು ನನ್ನ ಗ. ಏನೋ ಹಚ್ಕೊಂಡೈತಿ.
ಇದು ನನ್ನ ವ."
ತುಸು ತಡೆದು, ಕಾಲ ಬುಡದ ಕುಳಿಯತ್ತ ಬಗ್ಗಿ,
ಕುಳಿಯೊಳಗೇ ಕೂಗಿದಳು: "ಹಗೇವು!"
ಕುಳಿ ತಿರುಗಿ ಹೇಳಿತು.
ಇಪ್ಪತ್ತೆರಡು ಮಕ್ಕಳಿಗೂ ಈಗ ಕುಳಿಗೆ ಬಗ್ಗಲೇಬೇಕು.

ಫೋಟೋ ಮರೆತೆ.
ವರದಿಯಲ್ಲಿ ಬರೆದದ್ದು: ಲಗಮವ್ವ, ಆರರಲ್ಲಿ ಒಂದು.
ಗೋಡೆ ಓದಿದ್ದಕ್ಕೆ ಅಲ್ಲಿ ಕಾಲಂ ಇರಲಿಲ್ಲ.
ಮಾಮಾ ಬೀಗ ಹಾಕುತ್ತ ಕೇಳಿದ: "ಬಳಿಸೋದು ಬ್ಯಾಡೇನ್ರಿ?"
"ಆಕೀನ್ನ ಕೇಳು," ಅಂದೆ.

ದಸರೆಗೆ ಇನ್ನು ಹತ್ತೊಂಬತ್ತು ದಿನ.
ಅವಳ ಹೆಸರಿನ ಒತ್ತು ಇನ್ನೂ ಬಾಕಿ.